ಸಾರು ಎಲ್ಲರದು, ಸಾಲು ಯಾರದು?

ಬಿಡದಿ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಸ್ತ್ರೀಶಕ್ತಿ ಸಂಘಗಳ, ಮಹಿಳಾ ಸಮಾಜಗಳ, ಬಡಾವಣೆ ಬಳಗಗಳ ಅಕ್ಕತಂಗಿಯರೇ, ಇದು ನಿಮಗೆ ಬರೆದದ್ದು. ನಿಮ್ಮ ಜೊತೆ ಓಡಾಡಿ ಫೋಟೊ ತೆಗೆಯುವ, ಟೈಪ್ ಮಾಡಿಕೊಡುವ ಹುಡುಗರಿಗೂ ಈ ಪತ್ರ ಸಲ್ಲುತ್ತದೆ.

ಊರಿನದೊಂದು ಅಡುಗೆ ಪುಸ್ತಕ ತರಬೇಕೆಂದು ಹೊರಟವರು ನನ್ನಂಥ ಕರಡು ತಿದ್ದುವವರ ಹತ್ತಿರ ಬಂದರೆ ಮೊದಲು ಕೇಳುವುದು ಕಾಗದದ ರೇಟು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, “ಒಂದಷ್ಟು ಪೇಪರಿನಿಂದ ತಗೊಂಡಿದ್ದೀವಿ, ಯಾರಾದ್ರೂ ಕೇಸ್ ಹಾಕ್ತಾರಾ?” ಎನ್ನುತ್ತಾರೆ. ಒಬ್ಬೊಬ್ಬರಿಗೇ ಉತ್ತರ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆದುಬಿಡೋಣ ಅನ್ನಿಸಿತು. ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಕಡಿಮೆ: ಈ ಸಾರು ಹೇಳಿಕೊಟ್ಟವರ ಹೆಸರನ್ನು ಪುಸ್ತಕದಲ್ಲಿ ಎಲ್ಲಿ ಹಾಕೋದು? ನಾನು ಬರೆಯಲು ಕೂತದ್ದು ಅದಕ್ಕಾಗಿ. ಆದರೆ ಕೇಸಿನ ಭಯ ಇಳಿಯದೆ ಆ ಮಾತು ಕಿವಿಗೆ ಬೀಳುವುದಿಲ್ಲ, ಹಾಗಾಗಿ ಕಾನೂನನ್ನು ಮೊದಲು ಮುಗಿಸಿಬಿಡುತ್ತೇನೆ.

ನಮ್ಮ ಕಾಪಿರೈಟ್ ಕಾಯ್ದೆ 1957ರದು. ಬರೆದದ್ದು, ಬಿಡಿಸಿದ್ದು, ತೆಗೆದ ಫೋಟೊ, ಹಾಕಿದ ರಾಗ, ಕಟ್ಟಿದ ನಾಟಕ ಇವುಗಳಿಗೆ ಅದು ಕಾವಲು. ತಲೆಯೊಳಗಿನ ವಿಚಾರಕ್ಕೆ ಕಾವಲಿಲ್ಲ. ದೆಹಲಿಯ ನಾಟಕಕಾರ ಆರ್. ಜಿ. ಆನಂದ್ ತಮ್ಮ ನಾಟಕ ಕದ್ದು ಸಿನಿಮಾ ಮಾಡಿದ್ದಾರೆಂದು ಕೋರ್ಟಿಗೆ ಹೋಗಿದ್ದರು. 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ವಿಷಯ, ಕಥಾವಸ್ತು ಯಾರೊಬ್ಬರ ಸ್ವತ್ತೂ ಅಲ್ಲ, ಅದನ್ನು ಹೇಳಿದ ರೀತಿ ಮಾತ್ರ ಹೇಳಿದವರದು. ಆನಂದ್ ಸೋತರು. ಅವತ್ತಿನಿಂದ ಈ ಬಗೆಯ ಮೊಕದ್ದಮೆಗಳಲ್ಲೆಲ್ಲ ವಕೀಲರು ಆ ತೀರ್ಪನ್ನೇ ಹಿಡಿದು ಮಾತಾಡುತ್ತಾರೆ.

ಈ ಮಾತನ್ನು ಅಡುಗೆಮನೆಗೆ ತನ್ನಿ. ಒಂದು ಪಾವು ಹಸಿ ಅವರೆಕಾಳು, ಒಂದು ಹಿಡಿ ಸೊಪ್ಪು, ಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು, ಕಲ್ಲುಪ್ಪು. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದುಕೊಳ್ಳಿ, ಖಾರ ಅರೆದು ಬೇರೆ ಇಡಿ, ಮುದ್ದೆ ಜೊತೆ ಬಡಿಸಿ. ಇದು ಉಪ್ಸಾರು. ಈ ಪಟ್ಟಿಗೂ ಈ ಕ್ರಮಕ್ಕೂ ಯಾರೂ ಬೇಲಿ ಹಾಕಲಾರರು. ನೀವು ಇದನ್ನು ಪಾವಿನಿಂದ ಗ್ರಾಮಿಗೆ ಬದಲಾಯಿಸಿದರೆ ಅದು ನಿಮ್ಮದಾಗುವುದೂ ಇಲ್ಲ. ಅಮೆರಿಕದಲ್ಲಿ 1996ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯದ ಮುಂದೆ ಮೊಸರಿನ ಅಡುಗೆಗಳ ಪುಸ್ತಕದ ಮೇಲೇ ಜಗಳ ಬಂದಿತ್ತು. ಬರೀ ಸಾಮಗ್ರಿ, ಬರೀ ‘ಹೀಗೆ ಮಾಡಿ’ ಎಂಬ ಸೂಚನೆ ಇದ್ದರೆ ಕಾಪಿರೈಟ್ ಇಲ್ಲ ಎಂದೇ ಅಲ್ಲೂ ತೀರ್ಮಾನವಾಯಿತು. ಅದು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ತರ್ಕ ಮಾತ್ರ ಒಂದೇ.

ಈಗ ಅದೇ ಉಪ್ಸಾರಿನ ಮೇಲುಗಡೆ ಒಬ್ಬಾಕೆ ಹೀಗೆ ಬರೆದಿದ್ದಾಳೆ ಅಂದುಕೊಳ್ಳಿ: “ನಮ್ಮವ್ವ ಖಾರ ಅರೆಯುವಾಗ ಮಾತಾಡಿಸಿದರೆ ಬಯ್ಯೋಳು, ಗ್ಯಾನ ತಪ್ಪಿದರೆ ಉಪ್ಪು ಎರಡು ಸಲ ಬೀಳುತ್ತೆ ಅಂತ. ಆವತ್ತು ಬಾವ ಬಂದು ಮಾತಾಡಿಸಿಬಿಟ್ಟ. ಎರಡು ಸಲ ಉಪ್ಪು ಬಿದ್ದ ಸಾರನ್ನ ಅವನೇ ಮೂರು ಸಲ ಹಾಕಿಸಿಕೊಂಡು ಉಂಡ.” ಇದು ಸಾರಲ್ಲ, ಸಾಲು. ಇದು ಅವಳದು. ಅವಳನ್ನು ಕೇಳದೆ ಅಚ್ಚು ಹಾಕಿದರೆ, “ನಮ್ಮವ್ವ” ಅನ್ನುವುದನ್ನು “ನಮ್ಮಜ್ಜಿ” ಅಂತ ತಿದ್ದಿ ಹಾಕಿದರೂ, ಅದು ಕದ್ದದ್ದೇ.

ಇಲ್ಲೊಂದು ನಂಬಿಕೆ ಬಲವಾಗಿ ಬೇರೂರಿದೆ: ಮೂರು ಸಾಮಾನು ಬದಲಾಯಿಸಿದರೆ ರೆಸಿಪಿ ನಮ್ಮದಾಗುತ್ತದಂತೆ. ಕಾಯ್ದೆಯಲ್ಲಿ ಅಂಥ ಲೆಕ್ಕ ಎಲ್ಲೂ ಇಲ್ಲ. ಸಾಮಾನು ಒಂದನ್ನೂ ಬದಲಾಯಿಸದೆ ನಿಮ್ಮ ಮಾತಿನಲ್ಲಿ ಹೊಸದಾಗಿ ಬರೆದರೆ ಕಾನೂನಿಗೆ ತಕರಾರಿಲ್ಲ. ಹತ್ತು ಸಾಮಾನು ಬದಲಾಯಿಸಿ ಅವರ ವಾಕ್ಯಗಳನ್ನು ಹಾಗೇ ಉಳಿಸಿಕೊಂಡರೆ ತಕರಾರಿದೆ. ಬರಹ ನಿಮ್ಮದಾಗಬೇಕಾದರೆ ಒಂದು ಸುಲಭ ದಾರಿ ಹೇಳುತ್ತೇನೆ. ಮೂಲವನ್ನು ಮುಚ್ಚಿಡಿ, ಒಲೆ ಹಚ್ಚಿ, ನೀವೇ ಮಾಡಿ, ಮಾಡಿದ್ದನ್ನು ಬರೆಯಿರಿ. ನಿಮ್ಮ ಕುಕ್ಕರಿನಲ್ಲಿ ಎಷ್ಟು ಕೂಗು ಬಂತು, ನಿಮ್ಮ ಅವರೆಕಾಳು ಎಷ್ಟು ಹೊತ್ತಿಗೆ ಮೆತ್ತಗಾಯಿತು, ಅದು. ಎಲೆಕ್ಟ್ರಿಕ್ ಒಲೆಯ ಮುಂದೆ ನಿಂತು “ಸೌದೆ ಉರಿ ಸಣ್ಣ ಮಾಡಿ” ಎಂದು ಬರೆಯುವವರೂ ಇದ್ದಾರೆ, ಮಾಡದೆ ಬರೆದದ್ದು ಹೀಗೇ ಸಿಕ್ಕಿಬೀಳುವುದು.

ನಿಮ್ಮ ಪುಸ್ತಕದ ದೊಡ್ಡ ಪಾಲು ಹುಟ್ಟುವುದು ಹಳೆಯ ನೋಟ್‌ಬುಕ್ಕುಗಳಿಂದ, ನನಗೆ ಗೊತ್ತು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅಂಥ ನೋಟ್‌ಬುಕ್ಕಿದೆ! ಮಕ್ಕಳ ಸ್ಕೂಲಿನ ಉಳಿದ ಹಾಳೆಗಳಲ್ಲಿ ಗೋಂದು ಹಚ್ಚಿ ಅಂಟಿಸಿದ ಸುಧಾ, ತರಂಗದ ಚೂರುಗಳು, ಪಕ್ಕದಲ್ಲಿ ಪೆನ್ನಿನಲ್ಲಿ “ಉಪ್ಪು ಕಮ್ಮಿ ಸಾಕು”, ಎಣ್ಣೆ ಕಲೆ. ಮನೆ ಬಳಕೆಗೆ ಹೀಗೆ ಕತ್ತರಿಸಿ ಅಂಟಿಸಿಕೊಳ್ಳಲು, ನಕಲು ಬರೆದುಕೊಳ್ಳಲು ಕಾಯ್ದೆಯ ಸೆಕ್ಷನ್ 52 ಧಾರಾಳವಾಗಿ ಬಿಡುತ್ತದೆ. ಆದರೆ ನೋಟ್‌ಬುಕ್ಕು ಅಚ್ಚಿನ ಮನೆಯ ಬಾಗಿಲು ದಾಟಿದ ಕೂಡಲೇ ಆ ರಿಯಾಯಿತಿ ನಿಂತುಹೋಗುತ್ತದೆ. “ನಾವು ಲಾಭಕ್ಕೆ ಮಾಡ್ತಿಲ್ಲ, ದೇವಸ್ಥಾನದ ಕೆಲಸಕ್ಕೆ ಕೊಡ್ತೀವಿ” ಎಂದರೂ ಅದು ಹಿಂತಿರುಗಿ ಬರುವುದಿಲ್ಲ. ಆ ಚೂರು ಓದುಗರೊಬ್ಬರು ಕಳಿಸಿದ್ದಾದರೆ ಸಾಮಾನ್ಯವಾಗಿ ಹಕ್ಕು ಅವರದೇ. ಪತ್ರಿಕೆಯ ಸಿಬ್ಬಂದಿ ಬರೆದದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಪತ್ರಿಕೆಯದು, ಉಳಿದ ಹಕ್ಕು ಬರೆದವರದು. ಕತ್ತರಿಸುವಾಗ ನಮ್ಮವರು ಬರೆದವರ ಹೆಸರು ಬಿಟ್ಟು ಕತ್ತರಿಸಿರುತ್ತಾರೆ, ಅಡುಗೆಗೆ ಅದು ಬೇಡವಲ್ಲ! ಅಂಥ ಚೂರನ್ನು ಇದ್ದ ಹಾಗೆ ಹಾಕಬೇಡಿ. ಅದನ್ನು ನೋಡಿ ಮಾಡಿದ ಅಡುಗೆಯನ್ನು ನಿಮ್ಮ ಮಾತಿನಲ್ಲಿ ಹಾಕಿ, ಕೆಳಗೆ “ವಾರಪತ್ರಿಕೆಯೊಂದರ ಹಳೆಯ ಚೂರಿನಿಂದ ಕಲಿತದ್ದು” ಎಂದು ಒಪ್ಪಿಕೊಳ್ಳಿ. ಆ ಪೆನ್ನಿನ ಟಿಪ್ಪಣಿ ಮಾತ್ರ ನಿಮ್ಮ ತಾಯಿಯದು, ಅದನ್ನು ಒಂದಕ್ಷರ ಬಿಡದೆ ಹಾಕಿ. ನನ್ನ ಕೇಳಿದರೆ ಪುಟದಲ್ಲಿ ಓದಬೇಕಾದ್ದು ಅದೇ.

ಹೊರಗಿನದೊಂದು ಪ್ರಸಂಗ ಹೇಳುತ್ತೇನೆ. 2021ರಲ್ಲಿ ಲಂಡನ್ನಿನ ಬ್ಲೂಮ್ಸ್‌ಬರಿ ಪ್ರಕಾಶನ ‘ಮಕಾನ್’ ಎಂಬ ಸಿಂಗಪುರದ ಅಡುಗೆ ಪುಸ್ತಕ ತಂದಿತು, ಬರೆದವರು ಎಲಿಜಬೆತ್ ಹೇಗ್ ಎಂಬ ಹೆಸರುವಾಸಿ ಬಾಣಸಿಗರು. ಶರನ್ ವೀ ಎಂಬ ಲೇಖಕಿ 2012ರಲ್ಲಿ ತಮ್ಮ ತಾಯಿಯ ಅಡುಗೆಮನೆಯ ಬಗ್ಗೆ ಪುಸ್ತಕ ಬರೆದಿದ್ದರು. ತಮ್ಮ ಪುಸ್ತಕದ ಭಾಗಗಳು ಇದರಲ್ಲಿ ಬಂದಿವೆ ಎಂದು ಅವರು ದನಿಯೆತ್ತಿದರು. ಹಕ್ಕುಗಳ ಸಮಸ್ಯೆ ಎಂದು ಹೇಳಿ ಪ್ರಕಾಶಕರು ಅದೇ ವರ್ಷ ಅಕ್ಟೋಬರಿನಲ್ಲಿ ‘ಮಕಾನ್’ ಅನ್ನು ಮಾರುಕಟ್ಟೆಯಿಂದ ವಾಪಸು ತೆಗೆದುಕೊಂಡರು. ಗಮನಿಸಿ, ಜನ ಸಿಟ್ಟಾದದ್ದು ಅಳತೆ ಒಂದೇ ಇದೆ ಎಂದಲ್ಲ. ಒಬ್ಬಳು ತನ್ನ ತಾಯಿಯ ಬಗ್ಗೆ ಬರೆದ ನೆನಪು ಇನ್ನೊಬ್ಬಳ ನೆನಪಾಗಿ ಅಚ್ಚಾಗಿದೆ ಎನ್ನುವುದಕ್ಕೆ. ಅಡುಗೆ ಪುಸ್ತಕದಲ್ಲಿ ಕಳುವಾಗುವ ಬೆಲೆಬಾಳುವ ವಸ್ತು ಅದೇ.

ಫೋಟೊದ ಮಾತು ಬೇಗ ಮುಗಿಸುತ್ತೇನೆ. ಗೂಗಲ್‌ನಲ್ಲಿ ಸಿಕ್ಕಿದ ಫೋಟೊ ಪುಕ್ಕಟೆ ಅಲ್ಲ. ಹೋಟೆಲಿನವರ, ಯೂಟ್ಯೂಬಿನವರ ಚಿತ್ರವೂ ಅಲ್ಲ. ದುಡ್ಡು ಕೊಟ್ಟು ಸ್ಟುಡಿಯೋದವರಿಂದ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ದುಡ್ಡು ಕೊಟ್ಟವರದು. ನಿಮ್ಮ ತಂಗಿಯ ಮಗ ಪ್ರೀತಿಯಿಂದ ಮೊಬೈಲಿನಲ್ಲಿ ತೆಗೆದರೆ ಹಕ್ಕು ಅವನದು. ಅವನಿಗೊಂದು ಕಾಫಿ ಕೊಡಿಸಿ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ಹೆಸರೂ ಹಾಕಿ.

ಹಳೆಯದಾದರೆ ಭಯವಿಲ್ಲವಲ್ಲ ಎನ್ನುತ್ತೀರಿ. ಅರ್ಧ ಸರಿ. ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಕನ್ನಡದಲ್ಲಿ ಅಡುಗೆ ಬರೆದವರು ಇವತ್ತಿನವರಲ್ಲ. 1025ರ ಸುಮಾರಿನ ‘ಲೋಕೋಪಕಾರ’ದಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ. ಬರೆದವನು ಚಾವುಂಡರಾಯ, ಗೊಮ್ಮಟನನ್ನು ಕೆತ್ತಿಸಿದವನಲ್ಲ, ಆಮೇಲಿನವನು. 16ನೇ ಶತಮಾನದ ಮೊದಲಲ್ಲಿ ಮೂರನೇ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಹಾಡಿದ. ಆ ಮೂಲಗಳನ್ನು ನೀವು ಬೇಕಾದ ಹಾಗೆ ಬಳಸಿಕೊಳ್ಳಿ. ಆದರೆ ಆ ಪದ್ಯಗಳಿಗೆ ಈಚಿನ ವಿದ್ವಾಂಸರು ಬರೆದ ಹೊಸಗನ್ನಡದ ಅರ್ಥ, ಟಿಪ್ಪಣಿ, ಅಳತೆಯ ವಿವರ ಅವರ ದುಡಿಮೆ. ಮಂಗರಸ ನಮ್ಮೆಲ್ಲರವನು ಎಂದು ಹೇಳಿ ಅವರ ಗದ್ಯವನ್ನು ಎತ್ತಿಕೊಳ್ಳುವ ಹಾಗಿಲ್ಲ.

ಪರಂಪರೆಯದು ಯಾವುದು, ಒಬ್ಬರದು ಯಾವುದು ಎಂಬ ಪ್ರಶ್ನೆ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಅಡುಗೆಯ ವಿಷಯದಲ್ಲಲ್ಲ, ಯಕ್ಷಗಾನದ ವಿಷಯದಲ್ಲಿ. ಯಕ್ಷಗಾನ ಯಾರೊಬ್ಬರ ಸ್ವತ್ತೂ ಅಲ್ಲ. ಶಿವರಾಮ ಕಾರಂತರು ಅದನ್ನು ತಿದ್ದಿ, ಕಡಿದು, ಬೇರೆ ಬಗೆಯ ಸಂಗೀತ, ವೇಷ, ರಂಗವಿನ್ಯಾಸ ಕೊಟ್ಟು ಯಕ್ಷಗಾನ ಬ್ಯಾಲೆ ಮಾಡಿದರು. 1994ರ ಉಯಿಲಿನಲ್ಲಿ ತಮ್ಮ ಹಕ್ಕುಗಳನ್ನು ಮಾಲಿನಿ ಮಲ್ಯ ಅವರಿಗೆ ಬರೆದಿಟ್ಟರು, 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ದೆಹಲಿಯಲ್ಲಿ ಪ್ರದರ್ಶನ ಮಾಡಿಸಿದಾಗ ಮಲ್ಯ ಅವರು ಕೋರ್ಟಿಗೆ ಹೋದರು. 2009ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಲ್ಯರ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೇ, ಸೆಕ್ಷನ್ 52ರಲ್ಲಿ ವಿದ್ಯಾಸಂಸ್ಥೆಗಳಿಗೆ ಮತ್ತು ಹಣ ಪಡೆಯದ ಪ್ರದರ್ಶನಗಳಿಗೆ ಇರುವ ರಿಯಾಯಿತಿಗಳನ್ನು ಯಾರೂ ತಡೆಯುವಂತಿಲ್ಲ ಎಂದೂ ಸೇರಿಸಿತು. ಯಕ್ಷಗಾನ ಎಲ್ಲರದಾಗಿಯೇ ಉಳಿಯಿತು, ಕಾರಂತರು ಅದಕ್ಕೆ ಕೊಟ್ಟ ರೂಪ ಕಾರಂತರದು ಎಂದಾಯಿತು. ಕಾರಂತರ ಬರಹಗಳ ಹಕ್ಕು 2057ರ ಕೊನೆಯ ತನಕ ನಡೆಯುತ್ತದೆ. ಹಿತಕಿದ ಬೇಳೆ ಸಾರಿಗೂ ಇದೇ ನ್ಯಾಯ ಹಚ್ಚಿ ನೋಡಿ: ಸಾರು ಮಾಗಡಿಯ ಅವರೆಯಷ್ಟೇ ಹಳೆಯದು, ಅದರ ಮೇಲೆ ನಿಮ್ಮ ಸೋದರತ್ತೆ ಬರೆದ ಎರಡು ಪುಟ ಸೋದರತ್ತೆಯದು.

ಕಾನೂನು ಇಲ್ಲಿಗೆ ಸಾಕು. ಇದನ್ನೆಲ್ಲ ಪಾಲಿಸಿದರೆ ಕಾಪಿರೈಟಿನ ಕೇಸಿಗೆ ನೀವು ಹೆದರಬೇಕಿಲ್ಲ. ಆದರೂ ಪುಸ್ತಕ ಅನ್ಯಾಯದ್ದಾಗಿರಬಹುದು. ನನಗೆ ಹೇಳಬೇಕಿರುವುದು ಇಲ್ಲಿಂದ ಮುಂದೆ.

ಕಾಪಿರೈಟ್ ಕಾಯ್ದೆಯ ಕಣ್ಣಿಗೆ ಬೀಳುವುದು ಬರೆದವರು, ಬೇಯಿಸಿದವರಲ್ಲ. ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳು ಸಾರು, ನಾಟಿಕೋಳಿ ಸಾರು ಇವನ್ನೆಲ್ಲ ನಮ್ಮ ಸೀಮೆಯಲ್ಲಿ ಕಾಪಾಡಿಕೊಂಡು ಬಂದವರಲ್ಲಿ ಎಷ್ಟು ಜನ ಒಂದು ಸಾಲು ಬರೆದಿದ್ದಾರು? ಹೆಬ್ಬೆಟ್ಟು ಒತ್ತಿದವರೇ ಹೆಚ್ಚು. ಅವರ ಬಾಯಲ್ಲಿ ಕೇಳಿಕೊಂಡು ಬಂದು ನೀವು ಬರೆದುಬಿಟ್ಟರೆ ಕಾನೂನಿನ ಲೆಕ್ಕದಲ್ಲಿ ಲೇಖಕಿ ನೀವು. ಪೆನ್ನು ಹಿಡಿದವಳಿಗೆ 60 ವರ್ಷದ ಹಕ್ಕು, ಕಡೆದ ಮುದ್ದೆ ಇಳಿಸಿ ಕಣ್ಣೊರೆಸಿಕೊಂಡವಳಿಗೆ ಮುನ್ನುಡಿಯ ಕೊನೆಯಲ್ಲಿ “ಸಹಕರಿಸಿದ ಎಲ್ಲರಿಗೂ ಕೃತಜ್ಞತೆಗಳು”. ನಾನು ಕರಡು ತಿದ್ದಿದ ಎಷ್ಟೋ ಪುಸ್ತಕಗಳಲ್ಲಿ ಈ ಸಾಲನ್ನು ಕಂಡಿದ್ದೇನೆ. ಕಾಗುಣಿತ ಸರಿಯಾಗಿರುತ್ತದೆ, ತಿದ್ದಲು ಏನೂ ಇರುವುದಿಲ್ಲ. ಅದೇ ಬೇಜಾರು. ಕಾಯ್ದೆ ಬಿಟ್ಟ ಈ ಜಾಗವನ್ನು ಕಾಯ್ದೆಯಿಂದ ತುಂಬಲಾಗದು, ಪುಸ್ತಕ ಮಾಡುವವರೇ ತುಂಬಬೇಕು.

ಹಾಗಾಗಿ ಪ್ರತಿ ಅಡುಗೆಯ ಕೆಳಗೂ ಎರಡು ಹೆಸರಿರಲಿ: ಹೇಳಿದವರು, ಬರೆದವರು. ಇಬ್ಬರೂ ಒಬ್ಬರೇ ಆದರೆ ಒಂದು ಸಾಕು. ಎಲ್ಲಿಂದ ಬಂತು ಎನ್ನುವುದು ಗೊತ್ತಿದ್ದರೆ ಮೂರನೆಯ ಸಾಲು: “ಕಲಿತದ್ದು ಕನಕಪುರದ ತವರಿನಲ್ಲಿ, ತಾಯಿಯಿಂದ”, “ಹಾರೋಹಳ್ಳಿ ಸಂತೆಯಲ್ಲಿ ಪಕ್ಕ ಕೂತು ಸೊಪ್ಪು ಮಾರುತ್ತಿದ್ದವರಿಂದ”. ಇಷ್ಟು ಸಾಲದೇ? ಪುಸ್ತಕ ನೋಡಿ ಮಾಡಿದ್ದಾದರೆ ಪುಸ್ತಕದ ಹೆಸರು, ಬರೆದವರ ಹೆಸರು, ವರ್ಷ. ವಾಟ್ಸ್ಆ್ಯಪ್ಪಿನಲ್ಲಿ ಬಂದದ್ದಾದರೆ, ಹುಡುಕಿದರೂ ಮೂಲ ಸಿಗದಿದ್ದರೆ, ಹಾಗೆಂದೇ ಬರೆಯಿರಿ. “ಸಂಗ್ರಹ” ಎಂಬ ಒಂದು ಪದ ಹಾಕಿ ಕೈ ತೊಳೆದುಕೊಳ್ಳುವ ಚಾಳಿ ನಮ್ಮಲ್ಲಿದೆ. ಅದನ್ನು ಬಿಡಬೇಕು. ಯಾರಿಂದ ಸಂಗ್ರಹ?

ಹೆಸರು ಹಾಕುವಾಗ ಅವಳ ಹೆಸರು ಹಾಕಿ. ಇದನ್ನೂ ಹೇಳಬೇಕೇ ಎನ್ನಬೇಡಿ. “ಇಂಥ ಗೌಡರ ಮನೆಯವರು”, “ಶ್ರೀಮತಿ” ಎಂದು ಶುರುವಾಗಿ ಗಂಡನ ಹೆಸರಿನಲ್ಲಿ ಮುಗಿಯುವವು, “ಮೇಷ್ಟ್ರ ಹೆಂಡ್ತಿ” — ಇವೆಲ್ಲ ಕೈಬರಹದ ಪ್ರತಿಗಳಲ್ಲಿ ಬಂದೇ ಬರುತ್ತವೆ. ಬೀದಿಯಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಾರೆ ನಿಜ, ಆದರೆ ಮೇಷ್ಟ್ರು ಬೋಟಿ ಗೊಜ್ಜು ಮಾಡಲಿಲ್ಲವಲ್ಲ. ಹೋಗಿ ಹೆಸರು ಕೇಳಿಕೊಂಡು ಬನ್ನಿ. ಕೆಲವರು ಹೆಸರೇ ಬೇಡ ಅನ್ನುತ್ತಾರೆ, ನಾಚಿಕೆಗೋ ಮನೆಯ ಅಂಜಿಕೆಗೋ. ಅದು ಅವರ ಇಷ್ಟ, ಒತ್ತಾಯ ಬೇಡ. “ಹೆಸರು ಬೇಡವೆಂದವರು, ಬಿಡದಿ ಹೋಬಳಿ” ಎಂದು ಹಾಕಿ. ಅತ್ತೆ ಕಲಿಸಿದ್ದನ್ನು ಸೊಸೆ ತನ್ನ ಹೆಸರಲ್ಲಿ ಕೊಟ್ಟಿದ್ದಾಳೆಂದು ಜಗಳ ಬಂದರೆ? ಬಂದೇ ಬರುತ್ತದೆ. ಇಬ್ಬರ ಹೆಸರೂ ಹಾಕಿ, ಯಾರ ಹೆಸರು ಮೊದಲು ಎಂಬ ತೀರ್ಮಾನವನ್ನು ಮಾತ್ರ ಸಮಿತಿ ತಲೆಗೆ ಹಾಕಿಕೊಳ್ಳಬೇಡಿ.

ಇನ್ನೊಂದು ಮಾತಿದೆ, ಸಂಘದ ಸಭೆಯಲ್ಲಿ ಹೇಳಲು ಇರಿಸುಮುರಿಸು. ಹೆಸರು ಅಳಿಸಿಹೋಗುವುದು ಎಲ್ಲರದೂ ಒಂದೇ ಸಮವಾಗಿ ಅಲ್ಲ. ಹೋಳಿಗೆ, ಪುಳಿಯೋಗರೆ ಕೊಟ್ಟವರ ಹೆಸರು ಬಡಾವಣೆ ಸಹಿತ ಇರುತ್ತದೆ. ದಲಿತರ ಕೇರಿಯಿಂದ ಬಂದ ಬೋಟಿ, ತಲೆಮಾಂಸ, ರಕ್ತದ ಪಲ್ಯ ಪುಸ್ತಕಕ್ಕೆ ಬರುವುದೇ ಅಪರೂಪ, ಬಂದರೆ “ಗ್ರಾಮೀಣ ಶೈಲಿ” ಎಂಬ ಹಣೆಪಟ್ಟಿ, ಹೇಳಿದವರು ಯಾರೂ ಇಲ್ಲ. ಚನ್ನಪಟ್ಟಣದ ಮುಸ್ಲಿಂ ಮನೆಯಲ್ಲಿ ಕಲಿತ ಬಿರಿಯಾನಿ ಪುಸ್ತಕಕ್ಕೆ ಬರುವಷ್ಟರಲ್ಲಿ “ನಮ್ಮ ಮನೆ ಬಿರಿಯಾನಿ”. ಊರಿನ ಪುಸ್ತಕ ಎಂದು ಮುಖಪುಟದ ಮೇಲೆ ಬರೆದ ಮೇಲೆ ಊರೆಲ್ಲ ಇರಬೇಕು, ಹೆಸರಿನ ಸಮೇತ. ಸೌಜನ್ಯಕ್ಕೆ ಅಂತ ಒಂದು ಅಧ್ಯಾಯ ಬಿಟ್ಟುಕೊಟ್ಟರೆ ಆಗುವುದಿಲ್ಲ, ಸಮಿತಿಯಲ್ಲೇ ಆ ಮನೆಗಳವರು ಕೂತಿರಬೇಕು.

ಮಾದರಿಗೆ ದೂರ ಹೋಗಬೇಕಿಲ್ಲ. ಕೆನರಾ ಕರಾವಳಿಯಿಂದ ಮುಂಬಯಿಗೆ ಹೋಗಿ ನೆಲೆಸಿದ ಸಾರಸ್ವತರ ಹೆಣ್ಣುಮಕ್ಕಳು, ಅಲ್ಲಿನ ಸಾರಸ್ವತ ಮಹಿಳಾ ಸಮಾಜ, ‘ರಸಚಂದ್ರಿಕಾ’ ಎಂಬ ಪುಸ್ತಕ ತಂದಿದ್ದಾರೆ. ಮೊದಲು ಬಂದದ್ದು ಮರಾಠಿಯಲ್ಲಿ, ಮುಂದೆ ಇಂಗ್ಲಿಷಿನಲ್ಲೂ ಬಂತು. ಪುಸ್ತಕ ಸಮಾಜದ್ದಾದರೂ ಬರೆದ ಅಂಬಾಬಾಯಿ ಸಂಶಿ ಅವರ ಹೆಸರು ಅದರ ಜೊತೆಗೇ ನಡೆದುಕೊಂಡು ಬಂದಿದೆ. ಅಮೆರಿಕದಲ್ಲಿ 1864ರಲ್ಲಿ ಅಂತರ್ಯುದ್ಧದ ಗಾಯಾಳುಗಳಿಗೆ ನಿಧಿ ಕೂಡಿಸಲು ಮರಿಯಾ ಮಾಸ್ ಎಂಬಾಕೆ ಅಡುಗೆ ಪುಸ್ತಕ ತಂದರು. ಆಮೇಲೆ ಚರ್ಚುಗಳ ಹೆಂಗಸರು ತಂದ ಇಂಥ ಪುಸ್ತಕಗಳಲ್ಲಿ ಪ್ರತಿ ಅಡುಗೆಯ ಕೆಳಗೂ ಕೊಟ್ಟವರ ಹೆಸರು ಹಾಕುವುದು ರೂಢಿಯಾಯಿತು. ಹೆಸರು ಇದ್ದದ್ದಕ್ಕೇ ನೆಂಟರಿಷ್ಟರು ಕೊಂಡರು ಅನ್ನುವುದೂ ಉಂಟು. ನಿಮ್ಮ ಖಜಾಂಚಿಗೆ ಇದನ್ನು ತಿಳಿಸಿ.

ಇನ್ನು ತಟ್ಟೆ ಇಡ್ಲಿ. ಬಿಡದಿಯ ಪುಸ್ತಕದಲ್ಲಿ ಅದಿಲ್ಲದಿದ್ದರೆ ಯಾರು ಕೊಳ್ಳುತ್ತಾರೆ? ಮದ್ದೂರು ವಡೆಗೆ ಒಂದು ಹೆಸರಿದೆ, ಒಂದು ವರ್ಷವಿದೆ: 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಅವಸರದಲ್ಲಿ ಹಿಟ್ಟು ತಟ್ಟಿ ಕರಿದರು ಎಂದು ಹೇಳಿಕೊಂಡು ಬಂದಿದ್ದಾರೆ. ಮೈಸೂರು ಪಾಕಿಗೆ ಅರಮನೆಯ ಕಾಕಾಸುರ ಮಾದಪ್ಪ. ರವೆ ಇಡ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ತಮ್ಮಲ್ಲಿ ಹುಟ್ಟಿತು ಎಂದು ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ಇವನ್ನು ಬರೆಯುವಾಗ “ಎನ್ನುತ್ತಾರೆ” ಎಂಬ ಪದವನ್ನು ಬಿಡಬೇಡಿ, ಕಥೆಗೂ ದಾಖಲೆಗೂ ನಡುವೆ ಇರುವುದು ಅದೊಂದೇ. ತಟ್ಟೆ ಇಡ್ಲಿಯನ್ನೋ ನಾವು ಊರಿನ ಹೆಸರಿನಲ್ಲಿ ಕರೆಯುತ್ತೇವೆ, ಒಬ್ಬರ ಹೆಸರಿನಲ್ಲಲ್ಲ. ಆದ್ದರಿಂದ “ಮೊದಲು ಕಂಡುಹಿಡಿದವರು” ಎಂಬ ಪಟ್ಟವನ್ನು ನಿಮ್ಮ ಪುಸ್ತಕ ಯಾವ ಹೋಟೆಲಿಗೂ ಕಟ್ಟದಿರಲಿ. “ಬೆಂಗಳೂರು–ಮೈಸೂರು ರಸ್ತೆಬದಿಯ ಹೋಟೆಲುಗಳಲ್ಲಿ ತಿಂದು, ಮನೆಯಲ್ಲಿ ಮಾಡಿ ನೋಡಿದ್ದು” ಎಂದರೆ ಸತ್ಯವೂ ಹೌದು, ಸಾಕೂ ಹೌದು.

ಅಲ್ಲೊಂದು ಎಚ್ಚರಿಕೆ. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವ ಯಾರೋ ಅಕ್ಕಿ, ಉದ್ದು, ಸಬ್ಬಕ್ಕಿ ಇಂತಿಷ್ಟು ಎಂದು ಗುಟ್ಟಾಗಿ ಅಳತೆ ಹೇಳಿದರು ಅಂದುಕೊಳ್ಳಿ. ಅಳತೆಗೆ ಕಾಪಿರೈಟ್ ಇಲ್ಲ ಸರಿ, ಆದರೆ ಕೆಲಸದಲ್ಲಿದ್ದಾಗ ತಿಳಿದ ವ್ಯಾಪಾರದ ಗುಟ್ಟು ಬಯಲು ಮಾಡಿದರೆ ಅದು ಬೇರೆಯೇ ತಗಾದೆ. ಕೆಲಸ ಹೋಗುವುದು ಹೇಳಿದ ಹುಡುಗನದು, ನಿಮ್ಮದಲ್ಲ. ಅದನ್ನು ಅಚ್ಚು ಹಾಕಬೇಡಿ. “ಇಂಥ ಹೋಟೆಲಿನ ಇಡ್ಲಿ” ಎಂದು ಶೀರ್ಷಿಕೆ ಕೊಡುವುದೂ ಬೇಡ, ಹೆಸರು ಟ್ರೇಡ್‌ಮಾರ್ಕ್ ಆಗಿರಬಹುದು.

“ಹಾಗಾದ್ರೆ ಬಿಡದಿ ಇಡ್ಲಿಗೂ ಜಿಐ ಟ್ಯಾಗ್ ಮಾಡಿಸೋಣ” ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ. ಚನ್ನಪಟ್ಟಣದ ಬೊಂಬೆಗೆ, ಧಾರವಾಡದ ಪೇಡೆಗೆ ಅದಿದೆ. ಆದರೆ ಭೌಗೋಳಿಕ ಗುರುತಿನ (ಜಿಐ) 1999ರ ಕಾಯ್ದೆ ಕಾಯುವುದು ಹೆಸರನ್ನು: ಬೇರೆ ಕಡೆ ಮಾಡಿದ ಬೊಂಬೆಯನ್ನು ಚನ್ನಪಟ್ಟಣದ್ದು ಎಂದು ಮಾರಬಾರದು ಅಷ್ಟೇ. ಮನೆಯಲ್ಲಿ ಪೇಡೆ ಮಾಡುವುದನ್ನು ಯಾರೂ ತಡೆಯುವುದಿಲ್ಲ, ಪುಸ್ತಕಕ್ಕೂ ಅದಕ್ಕೂ ಸಂಬಂಧ ಕಡಿಮೆ. ಅದನ್ನು ಹೋಟೆಲಿನವರು ನೋಡಿಕೊಳ್ಳಲಿ.

ಕಾಗದ ಪತ್ರದ ವಿಷಯಕ್ಕೆ ಬರುತ್ತೇನೆ. ವಕೀಲರ ಭಾಷೆ ಬೇಡ. ಇಷ್ಟು ಬರೆದು ಸಹಿ ಹಾಕಿಸಿಕೊಳ್ಳಿ: “ನಾನು ಹೇಳಿದ ಈ ಅಡುಗೆಯನ್ನು ಸಂಘದ ಪುಸ್ತಕದಲ್ಲಿ, ಅದರ ಮರುಮುದ್ರಣಗಳಲ್ಲಿ ನನ್ನ ಹೆಸರಿನೊಂದಿಗೆ ಹಾಕಲು ಒಪ್ಪಿದ್ದೇನೆ. ಹಕ್ಕು ನನ್ನಲ್ಲೇ ಇರುತ್ತದೆ. ಬೇರೆ ಭಾಷೆಗೆ ತರಲು, ವಿಡಿಯೊ ಮಾಡಲು, ಮಸಾಲೆ ಪುಡಿಯ ಪೊಟ್ಟಣದ ಮೇಲೆ ಬಳಸಲು ನನ್ನನ್ನು ಮತ್ತೆ ಕೇಳಬೇಕು.” ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ, ಸಾಕ್ಷಿ ಇಟ್ಟು ಹೆಬ್ಬೆಟ್ಟು ಹಾಕಿಸಿ. ಹಕ್ಕನ್ನೇ ಸಂಘಕ್ಕೆ ಬರೆಸಿಕೊಳ್ಳುವ ಆಸೆ ಬೇಡ, ಪುಸ್ತಕಕ್ಕೆ ಬೇಕಾಗಿರುವುದು ಅನುಮತಿ ಮಾತ್ರ. ಬರೆಸಿಕೊಂಡರೂ ಎಷ್ಟು ವರ್ಷಕ್ಕೆಂದು ನಮೂದಿಸದಿದ್ದರೆ ಸೆಕ್ಷನ್ 19ರ ಪ್ರಕಾರ ಐದು ವರ್ಷಕ್ಕಷ್ಟೇ ಅದು ನಡೆಯುತ್ತದೆ. ಇನ್ನು ಬರೆದವರ ಹೆಸರು ಹಾಕಿಸಿಕೊಳ್ಳುವ ಹಕ್ಕು, ಮಾನ ಕಳೆಯುವಂತೆ ತಿರುಚಿದರೆ ತಡೆಯುವ ಹಕ್ಕು ಸೆಕ್ಷನ್ 57ರಲ್ಲಿದೆ. ಕಾಪಿರೈಟನ್ನೇ ಮಾರಿಕೊಂಡ ಮೇಲೂ ಅದು ಬರೆದವರ ಬಳಿಯೇ ಉಳಿಯುತ್ತದೆ. ಹೇಳಿದವರಿಗೆ ಕಾಯ್ದೆ ಅದನ್ನು ಇಷ್ಟು ಸ್ಪಷ್ಟವಾಗಿ ಕೊಟ್ಟಿಲ್ಲ. ನಿಮ್ಮ ಒಪ್ಪಿಗೆ ಪತ್ರ ಕೊಡಲಿ.

ಪುಸ್ತಕಕ್ಕೆ ದುಡ್ಡು ಎಲ್ಲಿಂದ? ಬಿಡದಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಸಿಎಸ್‌ಆರ್ ಹಣ ಕೇಳುವ ಯೋಚನೆ ಸಹಜ. ಕೇಳಿ, ತಪ್ಪೇನಿಲ್ಲ. ಪ್ರಾಯೋಜಕರ ಲೋಗೊ ಹಿಂಬದಿಯಲ್ಲಿ ಎಷ್ಟು ದೊಡ್ಡದಾಗಿ ಬೇಕಾದರೂ ಇರಲಿ. ಒಪ್ಪಂದದಲ್ಲಿ “ಎಲ್ಲ ಹಕ್ಕುಗಳೂ ಪ್ರಾಯೋಜಕರದು” ಎಂಬ ಸಾಲು ಇದೆಯೇ ಎಂದು ಮಾತ್ರ ನೋಡಿಕೊಳ್ಳಿ, ಇದ್ದರೆ ಹೊಡೆದುಹಾಕಿಸಿ. ಅವರು ಒಪ್ಪದಿದ್ದರೆ ಕಾಗದ ಸ್ವಲ್ಪ ಕಮ್ಮಿ ದರ್ಜೆಯದಾದರೂ ಚಿಂತೆಯಿಲ್ಲ, ಕಪ್ಪುಬಿಳುಪಿನಲ್ಲಿ ತನ್ನಿ. ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿ ಶುಲ್ಕವಿಲ್ಲದೆ ಕೊಡುತ್ತದೆ, ಅದಕ್ಕೆ ದಲ್ಲಾಳಿಗೆ ದುಡ್ಡು ಕೊಡಬೇಡಿ. ಆ ಸಂಖ್ಯೆಗೂ ಹಕ್ಕಿಗೂ ಸಂಬಂಧವಿಲ್ಲ. ಕಾಪಿರೈಟ್ ನೋಂದಣಿಯೂ ಕಡ್ಡಾಯವಲ್ಲ, ಬರೆದ ಕ್ಷಣವೇ ಹಕ್ಕು ಹುಟ್ಟಿರುತ್ತದೆ.

ಇಡೀ ಪುಸ್ತಕಕ್ಕೆ, ಆಯ್ಕೆ ಮಾಡಿ ಜೋಡಿಸಿದ್ದಕ್ಕೆ, ಬೇರೆ ಹಕ್ಕು ಇರಬಹುದು. ಆದರೆ ಬೆವರು ಹರಿಸಿದ್ದು ಒಂದೇ ಸಾಲದು, ಆಯ್ಕೆಯಲ್ಲಿ ಒಂದಿಷ್ಟು ಸ್ವಂತಿಕೆ ಇರಬೇಕು ಎಂದು ಈಸ್ಟರ್ನ್ ಬುಕ್ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2007ರ ಕೊನೆಯಲ್ಲಿ ಹೇಳಿದೆ. ಅಕಾರಾದಿಯಾಗಿ ಜೋಡಿಸಿದರೆ ಅದರಲ್ಲಿ ಸ್ವಂತಿಕೆ ಏನು? ಹಂಗಾಮಿನ ಪ್ರಕಾರ ಜೋಡಿಸಿ: ಮಳೆಗಾಲದ ಸೊಪ್ಪು, ಸುಗ್ಗಿಯ ಊಟ, ಹಬ್ಬದ ಮಾರನೇ ದಿನದ ಮಾಂಸದಡುಗೆ, ರಾಮನಗರದ ಮಾವಿನ ಕಾಲ. ಕಾನೂನಿಗಿಂತ ಓದುವವರಿಗೆ ಅದು ಚೆಂದ. ಅಂದ ಹಾಗೆ, ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಗಿದೆ. ಶೀರ್ಷಿಕೆಯಲ್ಲಿ ಜಿಲ್ಲೆಯ ಬದಲು ಊರುಗಳ ಹೆಸರೇ ಇದ್ದರೆ ಮರುಮುದ್ರಣದಲ್ಲಿ ತಲೆನೋವಿರುವುದಿಲ್ಲ.

ಅಚ್ಚಿಗೆ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಪ್ರತಿ ಪುಟವನ್ನೂ ಹೇಳಿದವರ ಮುಂದೆ ಕೂತು ಓದಿ. “ನಾನು ಹಿಂಗೆ ಹೇಳಿರ್ನಿಲ್ಲ ಕಣಮ್ಮಾ, ಮೆಣಸಿನಕಾಯಿ ಕೆಂಡದಲ್ಲಿ ಸುಡಬೇಕು, ಹುರಿಯೋದಲ್ಲ” ಎಂದರೆ ಮರುಮಾತಾಡದೆ ತಿದ್ದಿಕೊಳ್ಳಿ. ಗ್ಯಾಸ್ ಒಲೆಯವರಿಗೆ ಕೆಂಡ ಸಿಗದು ಎಂದು ನಿಮಗನ್ನಿಸಿದರೆ ನಿಮ್ಮ ಬದಲಾವಣೆಯನ್ನು ಅವಳ ಬಾಯಿಗೆ ತುರುಕದೆ ಕೆಳಗೆ ನಿಮ್ಮ ಹೆಸರಿನಲ್ಲಿ ಟಿಪ್ಪಣಿಯಾಗಿ ಹಾಕಿ. ಅಳವಡಿಸಿಕೊಂಡದ್ದು ಎಲ್ಲಿ ಶುರುವಾಗುತ್ತದೆ ಎಂದು ಓದುವವರಿಗೆ ಕಾಣಬೇಕು. ಮೊದಲ ಕಟ್ಟು ಬಂದ ದಿನ ಬಿಡುಗಡೆ ಸಮಾರಂಭದ ಗಣ್ಯರಿಗಿಂತ ಮುಂಚೆ ಹೇಳಿದವರ ಮನೆಗಳಿಗೆ ಒಂದೊಂದು ಪ್ರತಿ ಹೋಗಲಿ, ದುಡ್ಡಿಲ್ಲದೆ. ಮಾರಿ ಉಳಿದ ಹಣ ಎಷ್ಟು, ಎಲ್ಲಿ ಹೋಯಿತು ಎಂಬ ಲೆಕ್ಕವೂ ಅವರಿಗೆ ಸಿಗಲಿ. ಹೆಸರು ಬಿಟ್ಟುಹೋದವರು ಬಂದು ಕೇಳಿದರೆ ಜಗಳವಾಡದೆ ಬರೆದಿಟ್ಟುಕೊಳ್ಳಿ, ಎರಡನೇ ಮುದ್ರಣಕ್ಕೆ ಬೇಕಾಗುತ್ತದೆ.

ಧನುರ್ಮಾಸ ಬರುತ್ತಿದೆ. ಹಿತಕಿದ ಬೇಳೆಯ ಪುಟಕ್ಕೆ ಬೇಕಾದವರೆಲ್ಲ ಆಗ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಸಿಗುತ್ತಾರೆ. ಒಪ್ಪಿಗೆ ಪತ್ರದ ಹಾಳೆಗಳನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗಿ, ಪೆನ್ನು ಎರಡಿರಲಿ.

ಇಂತಿ ನಿಮ್ಮ,
ಬಿಡದಿ ಕಡೆಯ ಒಬ್ಬ ಕರಡು ತಿದ್ದುವವಳು